ಪಟ್ಟೆ ಕೋಳಿಯಿಂದ ಸಾರ್ಕ್ ವಂಶವಾಹಿಯವರೆಗೆ: ಪೇಟನ್ ರೌಸ್ ಅವರ ಬದುಕು

ವಿಜ್ಞಾನಿಯೊಬ್ಬರ ಬದುಕಿನ ಪ್ರಸಂಗ ಹೇಳಿ ಪಾಠಕ್ಕೆ ಪೀಠಿಕೆ ಹಾಕುವುದು ವಿಜ್ಞಾನ ವಿಷಯದ ಪ್ರಶಿಕ್ಷಣಾರ್ಥಿಗಳಾದ ನಮಗೆಲ್ಲ ರೂಢಿ. ಆದರೆ ನಮ್ಮ ಪಾಠಯೋಜನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಸಿಗುವ ಹೆಸರುಗಳು ಬೆರಳೆಣಿಕೆಯಷ್ಟು. ನ್ಯೂಟನ್ ಅವರ ಸೇಬು, ಮೆಂಡೆಲ್ ಅವರ ಬಟಾಣಿ, ಫ್ಲೆಮಿಂಗ್ ಅವರ ಬೂಷ್ಟು ಹಿಡಿದ ತಟ್ಟೆ. ಕಥೆಯೂ ಹೆಚ್ಚುಕಡಿಮೆ ಒಂದೇ ಬಗೆ: ವಿಜ್ಞಾನಿ ಕಂಡುಹಿಡಿದರು, ಜಗತ್ತು ಒಪ್ಪಿತು. ಪೇಟನ್ ರೌಸ್ ಅವರ ಕಥೆ ಹಾಗಿಲ್ಲ. ಅವರು ಸರಿಯಾಗಿ ಕಂಡದ್ದನ್ನು ಬೇರೆಯವರು ದಶಕಗಟ್ಟಲೆ ಒಪ್ಪಲಿಲ್ಲ. ಮುಂದೆ ಬೇರೆಯವರು ಸರಿಯಾದ ದಾರಿ ಹಿಡಿದಾಗ ಅವರೇ ಒಪ್ಪಲಿಲ್ಲ. ಎರಡಕ್ಕೂ ಸಾಕ್ಷಿಯಾಗಿ ನಿಂತದ್ದು ಒಂದು ಕೋಳಿಯ ಎದೆಯ ಗಡ್ಡೆ. ಜೀವಕೋಶ, ವೈರಸ್, ವಂಶವಾಹಿ ಈ ಮೂರರಲ್ಲಿ ಯಾವ ಪಾಠ ಮಾಡುವವರಿಗಾದರೂ ಇದು ಉಪಯೋಗಕ್ಕೆ ಬರುತ್ತದೆ ಎನಿಸಿ ಬರೆಯುತ್ತಿದ್ದೇನೆ.

ಫ್ರಾನ್ಸಿಸ್ ಪೇಟನ್ ರೌಸ್ ಹುಟ್ಟಿದ್ದು 1879ರ ಅಕ್ಟೋಬರ್ 5ರಂದು, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ಹನ್ನೊಂದನೇ ವಯಸ್ಸಿಗೆ ತಂದೆ ತೀರಿಕೊಂಡರು. ತಾಯಿಯ ಕಡೆಯವರು ಟೆಕ್ಸಾಸ್‌ನಲ್ಲಿದ್ದರು. ಮೂರು ಮಕ್ಕಳನ್ನು ಕಟ್ಟಿಕೊಂಡು ತವರಿನ ಕಡೆ ಹೋಗಿಬಿಡಬಹುದಿತ್ತು, ಆದರೆ ಮಕ್ಕಳ ಓದಿಗಾಗಿ ಆಕೆ ಬಾಲ್ಟಿಮೋರ್‌ನಲ್ಲೇ ಉಳಿದರು. ಹುಡುಗನಿಗೆ ಗಿಡಮರಗಳ ಹುಚ್ಚು. ಹದಿಹರೆಯ ದಾಟುವ ಹೊತ್ತಿಗೆ, ಆಯಾ ತಿಂಗಳಲ್ಲಿ ಅರಳುವ ಕಾಡುಹೂಗಳ ಬಗ್ಗೆ ಊರಿನ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದರು. ಚಿಕ್ಕ ವಿಷಯ ಇದು, ಆದರೆ ನೋಡಿದ್ದನ್ನು ನೋಡಿದ ಹಾಗೆ ಬರೆಯುವ ಅಭ್ಯಾಸ ಅಲ್ಲೇ ಆಯಿತು ಎಂದು ನನ್ನ ಊಹೆ.

ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1900ರಲ್ಲಿ ಪದವಿ ಮುಗಿಸಿ ಅಲ್ಲಿಯೇ ವೈದ್ಯಕೀಯ ಸೇರಿದರು. ಕ್ಷಯದಿಂದ ಸತ್ತವರೊಬ್ಬರ ಶವಪರೀಕ್ಷೆ ಮಾಡುವಾಗ ಮೂಳೆ ತಾಗಿ ಬೆರಳು ತರಚಿತು. ಸೋಂಕು ಕೈಗುಂಟ ಏರಿ ಕಂಕುಳ ಗ್ರಂಥಿಗಳನ್ನು ಮುಟ್ಟಿತು. ಕ್ಷಯಕ್ಕೆ ಔಷಧಿಯೇ ಇಲ್ಲದ ಕಾಲ ಅದು. ಗ್ರಂಥಿಗಳನ್ನು ಕತ್ತರಿಸಿ ತೆಗೆದು, ಇನ್ನು ಮಾಡುವುದೇನೂ ಇಲ್ಲವೆಂದು ಮನೆಗೆ ಕಳಿಸಿದರು. ಒಂದು ವರ್ಷ ಟೆಕ್ಸಾಸ್‌ನಲ್ಲಿ ಬಂಧುಗಳ ದನದ ಫಾರ್ಮಿನಲ್ಲಿ ಕುದುರೆ ಏರಿ, ಬಯಲಲ್ಲಿ ಮಲಗಿ, ಮೈ ದುಡಿಸಿ ಬದುಕಿಕೊಂಡರು. ಹಿಂತಿರುಗಿ 1905ರಲ್ಲಿ ವೈದ್ಯ ಪದವಿ ಪಡೆದರು. ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಂತೆ ರೋಗಿಗಳನ್ನು ನೋಡುವ ವೈದ್ಯನಾಗುವುದು ತನ್ನಿಂದ ಆಗದು ಎನಿಸಿತು. ರೋಗಶಾಸ್ತ್ರದ ಕಡೆ ತಿರುಗಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು, ಒಂದು ಬೇಸಿಗೆ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಕಲಿತು ಬಂದರು. 1909ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯ ನಿರ್ದೇಶಕ ಸೈಮನ್ ಫ್ಲೆಕ್ಸ್‌ನರ್ ಅವರನ್ನು ಕರೆದು ಕ್ಯಾನ್ಸರ್ ಸಂಶೋಧನೆಯ ಪ್ರಯೋಗಾಲಯವನ್ನು ಒಪ್ಪಿಸಿದರು. ಆಗ ರೌಸ್ ಅವರಿಗೆ ಮೂವತ್ತು ತುಂಬುತ್ತಿತ್ತು.

ಅದೇ ವರ್ಷ ಕೋಳಿ ಸಾಕುವ ಹೆಂಗಸೊಬ್ಬರು ಒಂದು ಹೇಂಟೆಯನ್ನು ತಂದುಕೊಟ್ಟರು. ಪ್ಲಿಮತ್ ರಾಕ್ ಎಂಬ ತಳಿ, ಗರಿಗಳ ಮೇಲೆ ಕಪ್ಪುಬಿಳುಪಿನ ಪಟ್ಟೆ. ಎದೆಯ ಬಲಭಾಗದಲ್ಲಿ ದೊಡ್ಡ ಗಡ್ಡೆ. ಬೇರೆ ಯಾರಾದರೂ ಆಗಿದ್ದರೆ ಕೋಳಿಯ ಗಡ್ಡೆಗೂ ಮನುಷ್ಯರ ಕ್ಯಾನ್ಸರಿಗೂ ಏನು ಸಂಬಂಧ ಎಂದು ಬಿಟ್ಟುಬಿಡುತ್ತಿದ್ದರೇನೋ. ರೌಸ್ ಗಡ್ಡೆಯ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದು ಸಾರ್ಕೋಮಾ, ಎಂದರೆ ಸಂಯೋಜಕ ಅಂಗಾಂಶದಲ್ಲಿ ಹುಟ್ಟುವ ಕ್ಯಾನ್ಸರ್. ತುಣುಕುಗಳನ್ನು ಬೇರೆ ಕೋಳಿಗಳಿಗೆ ಕಸಿ ಮಾಡಿದರು. ಮೊದಮೊದಲು ಅದೇ ಹಿಂಡಿನ, ರಕ್ತಸಂಬಂಧದ ಕೋಳಿಗಳಲ್ಲಿ ಮಾತ್ರ ಗಡ್ಡೆ ಬೆಳೆಯಿತು. ಕೋಳಿಯಿಂದ ಕೋಳಿಗೆ ದಾಟಿಸುತ್ತ ಹೋದಂತೆ ಅದು ಜೋರಾಯಿತು. ಇಷ್ಟನ್ನು 1910ರಲ್ಲಿ ಪ್ರಕಟಿಸಿದರು. ಇದರಲ್ಲಿ ತೀರಾ ಹೊಸದೇನಿಲ್ಲ, ಇಲಿಗಳ ಗಡ್ಡೆಯನ್ನು ಹೀಗೆ ಕಸಿ ಮಾಡುವುದು ಆಗಲೇ ಗೊತ್ತಿತ್ತು.

ಮುಂದಿನ ಹೆಜ್ಜೆಯನ್ನು ತರಗತಿಯಲ್ಲಿ ನಿಧಾನವಾಗಿ ಬಿಡಿಸಬೇಕು. ರೌಸ್ ಗಡ್ಡೆಯನ್ನು ಮರಳಿನ ಜೊತೆ ಅರೆದು, ಲವಣದ ನೀರಿನಲ್ಲಿ ಕದಡಿ, ಗಸಿಯನ್ನು ಕೆಳಗಿಳಿಸಿ, ತಿಳಿಯನ್ನು ಬರ್ಕ್‌ಫೆಲ್ಡ್ ಸೋಸುಕದಲ್ಲಿ ಹಾಯಿಸಿದರು. ಈ ಸೋಸುಕ ಒಂದು ಬಗೆಯ ಸುಟ್ಟ ಮಣ್ಣಿನದು. ಅದರ ರಂಧ್ರಗಳು ಎಷ್ಟು ಸಣ್ಣವೆಂದರೆ ಬ್ಯಾಕ್ಟೀರಿಯಾಗಳೂ ದಾಟಲಾರವು. ಬ್ಯಾಕ್ಟೀರಿಯಾಗಿಂತ ಎಷ್ಟೋ ದೊಡ್ಡದಾದ ಕೋಳಿಯ ಜೀವಕೋಶ ದಾಟುವ ಮಾತೇ ಇಲ್ಲ. ಸೋಸುಕದಲ್ಲಿ ಸೀಳು ಇದ್ದರೆ? ಅದಕ್ಕೂ ಪರೀಕ್ಷೆ: ಬ್ಯಾಕ್ಟೀರಿಯಾ ಬೆರೆಸಿ ಸೋಸಿ, ಅವು ಆಚೆ ಬರುತ್ತಿಲ್ಲವೆಂದು ಖಚಿತ ಮಾಡಿಕೊಂಡರು. ಕೆಳಗೆ ಇಳಿದ ತಿಳಿನೀರಿನಲ್ಲಿ ಜೀವಕೋಶ ಇಲ್ಲ, ಬ್ಯಾಕ್ಟೀರಿಯಾ ಇಲ್ಲ. ಅದನ್ನು ಚುಚ್ಚಿದ ಕೋಳಿಗಳಲ್ಲಿ ಮತ್ತೆ ಅದೇ ಸಾರ್ಕೋಮಾ ಎದ್ದಿತು.

ನಾನು ಎಂಟನೇ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಅರೆಯುವುದು, ಸೋಸುವುದು, ಚುಚ್ಚುವುದು ಎಂದು ಮೂರು ಚಿತ್ರ ಬಿಡಿಸಿ, ಸೋಸುಕದ ಕೆಳಗಿನ ಪಾತ್ರೆಯಲ್ಲಿ ಏನೇನು ಇರಲಾರದು ಎಂದು ಕೇಳಿದೆ. ಏನಿದೆ ಎಂದು ಕೇಳಿದರೆ ಮಕ್ಕಳು ಕೂಡಲೇ ವೈರಸ್ ಎಂದುಬಿಡುತ್ತಾರೆ, ಆ ಪದ ಅವರಿಗೆ ಕೊರೊನಾ ಕಾಲದಿಂದ ಬಾಯಿಪಾಠ. ಏನಿಲ್ಲ ಎಂದು ಕೇಳಿದರೆ ತರ್ಕ ಅವರದೇ ಆಗುತ್ತದೆ. ರೌಸ್ ಕೂಡ 1911ರ ಬರಹದಲ್ಲಿ ವೈರಸ್ ಎಂದು ಖಡಾಖಂಡಿತವಾಗಿ ಸಾರಲಿಲ್ಲ. ಜೀವಕೋಶದಿಂದ ಬೇರ್ಪಡಿಸಬಹುದಾದ ಒಂದು ಕಾರಕ ಇದೆ ಎಂಬಲ್ಲಿಗೆ ನಿಂತರು. ಗಡ್ಡೆಯನ್ನು ಒಣಗಿಸಿ ಪುಡಿಮಾಡಿದರೂ, ಗ್ಲಿಸರಿನ್‌ನಲ್ಲಿ ಇಟ್ಟರೂ ಕಾರಕ ಉಳಿಯುತ್ತದೆ ಎಂದೂ ತೋರಿಸಿದರು.

ಯಾರೂ ಒಪ್ಪಲಿಲ್ಲ. ಕ್ಯಾನ್ಸರ್ ಸೋಂಕುರೋಗವಲ್ಲ ಎಂಬುದು ಆಗಿನ ವೈದ್ಯರ ದೃಢ ನಂಬಿಕೆ. ಅದಕ್ಕೆ ಕಾರಣವೂ ಇತ್ತು: ಕ್ಯಾನ್ಸರ್ ರೋಗಿಗಳ ಆರೈಕೆ ಮಾಡಿದವರಿಗೆ ಕ್ಯಾನ್ಸರ್ ಅಂಟಿದ್ದನ್ನು ಯಾರೂ ಕಂಡಿರಲಿಲ್ಲ. ಸೋಸುಕ ಸೋರಿರಬೇಕು ಎಂದರು ಕೆಲವರು. ಇದು ನಿಜವಾದ ಕ್ಯಾನ್ಸರೇ ಅಲ್ಲ ಎಂದರು ಇನ್ನು ಕೆಲವರು. ಕೋಳಿಯದು ಕೋಳಿಗಾಯಿತು, ಮನುಷ್ಯರಿಗೇನು ಎಂದರು ಉಳಿದವರು. ಇದಕ್ಕೂ ಮೊದಲು, 1908ರಲ್ಲಿ, ಕೋಪನ್‌ಹೇಗನ್‌ನಲ್ಲಿ ಎಲ್ಲರ್‌ಮನ್ ಮತ್ತು ಬಾಂಗ್ ಎಂಬಿಬ್ಬರು ಕೋಳಿಗಳ ರಕ್ತಕ್ಯಾನ್ಸರನ್ನು ಸೋಸಿದ ದ್ರವದಿಂದ ಹರಡಿಸಿದ್ದರು. ರಕ್ತಕ್ಯಾನ್ಸರನ್ನು ಕ್ಯಾನ್ಸರ್ ಎಂದೇ ಆಗ ಎಣಿಸುತ್ತಿರಲಿಲ್ಲವಾದ್ದರಿಂದ ಅದೂ ಮೂಲೆ ಸೇರಿತ್ತು.

ರೌಸ್ ಆಕ್ಷೇಪಗಳಿಗೆ ಪ್ರಯೋಗದಿಂದಲೇ ಉತ್ತರ ಕೊಟ್ಟರು. ಬೇರೆ ಬಗೆಯ ಕೋಳಿ ಗಡ್ಡೆಗಳನ್ನು ಹುಡುಕಿ, ಅವಕ್ಕೂ ಅವುಗಳದೇ ಕಾರಕ ಇರುವುದನ್ನು ತೋರಿಸಿದರು. ಒಂದು ಕಾರಕ ಮೂಳೆಯಂಥ ಗಡ್ಡೆ ಎಬ್ಬಿಸಿದರೆ ಅದು ಯಾವಾಗಲೂ ಮೂಳೆಯಂಥದನ್ನೇ ಎಬ್ಬಿಸುತ್ತಿತ್ತು. ಆದರೆ ಕೋಳಿಯ ಆಚೆಗೆ ದಾರಿ ಸಾಗಲಿಲ್ಲ. ಇಲಿ, ಹೆಗ್ಗಣಗಳ ಗಡ್ಡೆಗಳನ್ನು ಎಷ್ಟು ಸೋಸಿದರೂ ಏನೂ ಸಿಗಲಿಲ್ಲ. 1915ರ ಹೊತ್ತಿಗೆ ಅವರು ಈ ಕೆಲಸವನ್ನು ಕೈಬಿಟ್ಟರು. ಛಲ ಬಿಡದ ವಿಜ್ಞಾನಿ ಎಂಬ ಮಾತನ್ನು ನಾವು ಪಾಠದಲ್ಲಿ ಸಲೀಸಾಗಿ ಬಳಸುತ್ತೇವೆ. ರೌಸ್ ಬಿಟ್ಟರು, ಇಪ್ಪತ್ತು ವರ್ಷದ ಮಟ್ಟಿಗೆ ಬಿಟ್ಟರು. ಇದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ.

ಬಿಟ್ಟವರು ಸುಮ್ಮನೆ ಕೂರಲಿಲ್ಲ. ಮೊದಲ ಮಹಾಯುದ್ಧದ ಕಾಲ. ರಕ್ತ ಹೊರಬಂದ ಕೂಡಲೇ ಹೆಪ್ಪುಗಟ್ಟುವುದರಿಂದ ಕೊಡುವವರನ್ನೂ ಪಡೆಯುವವರನ್ನೂ ಒಟ್ಟಿಗೆ ಕರೆತರಬೇಕಿತ್ತು. ರೌಸ್ ಮತ್ತು ಅವರ ಸಹೋದ್ಯೋಗಿ ಟರ್ನರ್, ಸಿಟ್ರೇಟ್ ಮತ್ತು ಸಕ್ಕರೆ ಬೆರೆಸಿದ ದ್ರಾವಣದಲ್ಲಿ ಕೆಂಪು ರಕ್ತಕಣಗಳನ್ನು ತಂಪಿನಲ್ಲಿಟ್ಟು ವಾರಗಟ್ಟಲೆ ಕಾಪಾಡಬಹುದು ಎಂದು 1916ರಲ್ಲಿ ತೋರಿಸಿದರು. ಅದೇ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದ ಆಸ್ವಾಲ್ಡ್ ರಾಬರ್ಟ್‌ಸನ್ 1917ರಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ರಕ್ತವನ್ನು ಮುಂಚಿತವಾಗಿ ಸಂಗ್ರಹಿಸಿಟ್ಟು ಗಾಯಾಳುಗಳಿಗೆ ಕೊಟ್ಟರು. ಇಂದಿನ ರಕ್ತನಿಧಿಯ ಮೊದಲ ರೂಪ ಅದು. ಕಾಲೇಜಿನಲ್ಲಿ ರಕ್ತದಾನ ಶಿಬಿರ ನಡೆಯುವಾಗ ರೌಸ್ ಅವರ ಹೆಸರು ಹೇಳಲು ಇದೊಂದೇ ಸಾಕು. ಇದರ ಜೊತೆಗೆ ಪಿತ್ತಕೋಶ, ಯಕೃತ್ತುಗಳ ಮೇಲೂ ಅವರು ವರ್ಷಗಟ್ಟಲೆ ದುಡಿದರು. ಪ್ರಾಯೋಗಿಕ ವೈದ್ಯಶಾಸ್ತ್ರದ ಹೆಸರಾಂತ ನಿಯತಕಾಲಿಕವೊಂದನ್ನು ದಶಕಗಳ ಕಾಲ ಸಂಪಾದಿಸಿದರು. 1915ರಲ್ಲಿ ಮೇರಿಯನ್ ಡಿಕೇ ಅವರನ್ನು ಮದುವೆಯಾದರು, ಮೂವರು ಹೆಣ್ಣುಮಕ್ಕಳಾದರು. ಅವರಲ್ಲೊಬ್ಬರನ್ನು ಮದುವೆಯಾದ ಆಲನ್ ಹಾಡ್ಜ್‌ಕಿನ್ 1963ರಲ್ಲಿ ನರಕೋಶಗಳ ಕೆಲಸಕ್ಕಾಗಿ ನೊಬೆಲ್ ಪಡೆದರು. ಅಳಿಯನಿಗೆ ಮೊದಲು, ಮಾವನಿಗೆ ಆಮೇಲೆ!

ಕ್ಯಾನ್ಸರಿನ ಕಡೆಗೆ ಅವರನ್ನು ಮತ್ತೆ ಕರೆತಂದದ್ದು ಮೊಲ. ರಾಕ್‌ಫೆಲರ್ ಸಂಸ್ಥೆಯವರೇ ಆದ ರಿಚರ್ಡ್ ಶೋಪ್ 1933ರಲ್ಲಿ, ಕಾಡುಮೊಲಗಳ ಮೈಮೇಲೆ ಕೊಂಬಿನಂತೆ ಬೆಳೆಯುವ ನರುಳ್ಳೆಗಳಿಗೆ ವೈರಸ್ ಕಾರಣವೆಂದು ಕಂಡುಕೊಂಡು, ಮುಂದಿನ ಅಧ್ಯಯನಕ್ಕೆ ರೌಸ್ ಅವರಿಗೆ ಬಿಟ್ಟುಕೊಟ್ಟರು. ಸಾಕುಮೊಲಗಳಲ್ಲಿ ಈ ನರುಳ್ಳೆಗಳು ಕ್ಯಾನ್ಸರಾಗಿ ತಿರುಗುವುದನ್ನು ರೌಸ್ ಮತ್ತು ಬಿಯರ್ಡ್ ತೋರಿಸಿದರು. ಸಸ್ತನಿಯಲ್ಲಿ ಇಲ್ಲ ಎಂಬ ಹಳೆಯ ಆಕ್ಷೇಪ ಅಲ್ಲಿಗೆ ಬಿತ್ತು. ಮೊಲದ ಕಿವಿಗೆ ಟಾರು ಸವರಿ ನಡೆಸಿದ ಪ್ರಯೋಗಗಳಿಂದ ಇನ್ನೊಂದು ಸಂಗತಿ ಹೊರಬಂತು: ಕ್ಯಾನ್ಸರ್ ಒಂದೇ ಏಟಿಗೆ ಹುಟ್ಟುವುದಿಲ್ಲ, ಮೊದಲು ಕೋಶದಲ್ಲಿ ಒಂದು ಬದಲಾವಣೆ ನೆಲೆಯೂರುತ್ತದೆ, ಆಮೇಲೆ ಬೇರೊಂದು ಪ್ರಚೋದನೆ ಅದನ್ನು ಎಬ್ಬಿಸುತ್ತದೆ. 1940ರ ದಶಕದ ಈ ವಿಚಾರ ಇಂದಿಗೂ ಪಠ್ಯದಲ್ಲಿದೆ.

ಇಲ್ಲಿ ಕಥೆ ನಿಲ್ಲಿಸಿ ಒಂದು ವಿಷಯ ಹೇಳಬೇಕು. ಬೋಧನಾಭ್ಯಾಸದಲ್ಲಿ ನಾನು ಈ ಪಾಠ ಮುಗಿಸಿದ ದಿನ ಊಟದ ಬಿಡುವಿನಲ್ಲಿ ಒಬ್ಬ ಹುಡುಗಿ ಬಂದು, ಅಜ್ಜಿಗೆ ಕ್ಯಾನ್ಸರ್ ಇರುವುದರಿಂದ ಮನೆಯಲ್ಲಿ ಅವರ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ, ಹಾಗಾದರೆ ಅದು ಸರಿಯೇ ಎಂದು ಕೇಳಿದಳು. ಅಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಮರುದಿನ ಇಡೀ ತರಗತಿಗೂ ಹೇಳಿದೆ. ಕ್ಯಾನ್ಸರ್ ಜೊತೆಗೆ ಕೂತರೆ, ಒಂದೇ ತಟ್ಟೆಯಲ್ಲಿ ಉಂಡರೆ, ಮುಟ್ಟಿದರೆ ಬರುವುದಿಲ್ಲ. ರೌಸ್ ಅವರ ವೈರಸ್ ಕೋಳಿಗಳದ್ದು, ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವುದಿಲ್ಲ. ಮನುಷ್ಯರಲ್ಲಿ ಕ್ಯಾನ್ಸರಿಗೆ ದಾರಿ ಮಾಡುವ ವೈರಸ್‌ಗಳು ಕೆಲವೇ. ಗರ್ಭಕೊರಳಿನ ಕ್ಯಾನ್ಸರಿನ ಹಿಂದಿರುವ ಪ್ಯಾಪಿಲೋಮಾ ವೈರಸ್, ಶೋಪ್ ಅವರ ಮೊಲದ ವೈರಸ್‌ನ ಬಳಗದ್ದು. ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲ ಹೆಪಟೈಟಿಸ್ ಬಿ ಇನ್ನೊಂದು. ಎರಡಕ್ಕೂ ಲಸಿಕೆ ಇದೆ. ವೈರಸ್ ಅಂಟಬಹುದು, ಗಡ್ಡೆ ಅಂಟುವುದಿಲ್ಲ. ರೌಸ್ ಅವರ ಪಾಠ ಮಾಡುವ ಯಾರೇ ಆಗಲಿ ಈ ವ್ಯತ್ಯಾಸವನ್ನು ಅದೇ ಅವಧಿಯಲ್ಲಿ ಹೇಳಿ ಮುಗಿಸುವಂತೆ ಪಾಠಯೋಜನೆ ಮಾಡಿಕೊಳ್ಳುವುದು ಒಳ್ಳೆಯದು. ಕ್ಯಾನ್ಸರ್ ಇರುವ ಮನೆಯ ಮಗು ಯಾವ ತರಗತಿಯಲ್ಲಾದರೂ ಕೂತಿರಬಹುದು.

ರೌಸ್ ಅವರ ಹೆಸರು ನೊಬೆಲ್‌ಗೆ ಮೊದಲು ಸೂಚಿತವಾದದ್ದು 1926ರಲ್ಲಿ. ಬಂದದ್ದು 1966ರಲ್ಲಿ, ಅವರಿಗೆ 87 ತುಂಬಿದ ಮೇಲೆ. ಪ್ರಾಸ್ಟೇಟ್ ಕ್ಯಾನ್ಸರಿನ ಮೇಲೆ ಹಾರ್ಮೋನುಗಳ ಪ್ರಭಾವ ಕಂಡುಹಿಡಿದ ಚಾರ್ಲ್ಸ್ ಹಗಿನ್ಸ್ ಅವರ ಜೊತೆ ಹಂಚಿಕೊಂಡರು. ಕೋಳಿಯ ಪ್ರಯೋಗಕ್ಕೂ ಪ್ರಶಸ್ತಿಗೂ ನಡುವೆ 55 ವರ್ಷ. ಹೆಚ್ಚಿನ ಲೇಖನಗಳು ಇಲ್ಲಿಗೆ ಮಂಗಳ ಹಾಡುತ್ತವೆ.

ಆದರೆ ನನಗೆ ಕುತೂಹಲ ಹುಟ್ಟಿಸಿದ್ದು ಇದರ ಇನ್ನೊಂದು ಮಗ್ಗುಲು. ಕ್ಯಾನ್ಸರ್ ಹುಟ್ಟುವುದು ದೇಹದ ಕೋಶಗಳ ಸ್ವಂತ ವಂಶವಾಹಿಗಳಲ್ಲಿ ಆಗುವ ಉತ್ಪರಿವರ್ತನೆಯಿಂದ ಎಂಬ ವಾದ ಆ ವೇಳೆಗೆ ಬಲವಾಗುತ್ತಿತ್ತು. ರೌಸ್ ಇದನ್ನು ಕಟುವಾಗಿ ವಿರೋಧಿಸಿದರು. 1959ರಲ್ಲಿ ಇದರ ವಿರುದ್ಧ ಲೇಖನ ಬರೆದರು, ಸ್ಟಾಕ್‌ಹೋಮ್‌ನ ನೊಬೆಲ್ ಉಪನ್ಯಾಸದಲ್ಲೂ ಬಿಡಲಿಲ್ಲ. ಎಲ್ಲವನ್ನೂ ಉತ್ಪರಿವರ್ತನೆಯ ತಲೆಗೆ ಕಟ್ಟಿದರೆ ಹುಡುಕುವ ಕೆಲಸವೇ ನಿಂತುಹೋಗುತ್ತದೆ ಎಂಬ ಆತಂಕ ಅವರದು. ಅವರನ್ನು ಹಟಮಾರಿ ಮುದುಕ ಎಂದು ತಳ್ಳಿಹಾಕುವುದು ಸುಲಭ. ಆದರೆ ಪಾಠ ಮಾಡುವ ನಾವು ಆ ಆತಂಕವನ್ನೂ ನ್ಯಾಯವಾಗಿ ವಿವರಿಸಬೇಕು. ಆಗ ಉತ್ಪರಿವರ್ತನೆ ಎನ್ನುತ್ತಿದ್ದವರ ಕೈಯಲ್ಲಿ ತೋರಿಸಲು ಒಂದೇ ಒಂದು ವಂಶವಾಹಿ ಇರಲಿಲ್ಲ. ಅವರ ಕೈಯಲ್ಲಾದರೋ ಸೋಸಿ ತೆಗೆದ ಕಾರಕ ಇತ್ತು.

1970ರ ಫೆಬ್ರವರಿ 16ರಂದು, 90ನೇ ವಯಸ್ಸಿನಲ್ಲಿ, ರೌಸ್ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಅವರ ವೈರಸ್ ಬಾಯಿಬಿಡತೊಡಗಿತು. ಬರ್ಕ್ಲಿಯಲ್ಲಿ ಸ್ಟೀವನ್ ಮಾರ್ಟಿನ್ ಈ ವೈರಸ್‌ನ ಒಂದು ವಿಚಿತ್ರ ರೂಪವನ್ನು ಕಂಡರು. 36 ಡಿಗ್ರಿ ಉಷ್ಣತೆಯಲ್ಲಿ ಅದು ಕೋಶಗಳನ್ನು ಕ್ಯಾನ್ಸರ್ ಕೋಶಗಳಾಗಿಸುತ್ತದೆ, 41 ಡಿಗ್ರಿಯಲ್ಲಿ ಅವು ಮಾಮೂಲಿಯಂತಿರುತ್ತವೆ. ಎರಡರಲ್ಲೂ ವೈರಸ್ ಮಾತ್ರ ಚೆನ್ನಾಗಿಯೇ ವೃದ್ಧಿಯಾಗುತ್ತದೆ. ಎಂದರೆ ಕ್ಯಾನ್ಸರ್ ತರುವ ವಂಶವಾಹಿ ಬೇರೆ, ವೈರಸ್ ಬದುಕಲು ಬೇಕಾದವು ಬೇರೆ. ಸಾರ್ಕೋಮಾ ಎಂಬ ಪದದಿಂದ ಅದಕ್ಕೆ ಸಾರ್ಕ್ ಎಂಬ ಹೆಸರಾಯಿತು. ಅದೇ 1970ರಲ್ಲಿ, ರೌಸ್ ಅವರ ವೈರಸ್‌ನಲ್ಲಿಯೇ ಹೋವರ್ಡ್ ಟೆಮಿನ್ ಅವರು ಆರ್‌ಎನ್‌ಎಯಿಂದ ಡಿಎನ್‌ಎ ತಯಾರಿಸುವ ಕಿಣ್ವವನ್ನು ಕಂಡುಹಿಡಿದರು. ಡೇವಿಡ್ ಬಾಲ್ಟಿಮೋರ್ ಕೂಡ ಅದೇ ಸಮಯಕ್ಕೆ ಅದನ್ನು ಕಂಡಿದ್ದರು. 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಿಷಪ್ ಮತ್ತು ವಾರ್ಮಸ್ ಅವರ ತಂಡ ಸಾರ್ಕ್ ಎಲ್ಲಿಂದ ಬಂತೆಂದು ಹುಡುಕಿತು. ವೈರಸ್ ತಾಗದ ಆರೋಗ್ಯವಂತ ಕೋಳಿಯ ಡಿಎನ್‌ಎಯಲ್ಲೇ ಅದು ಸಿಕ್ಕಿತು. ಬಾತುಕೋಳಿಯಲ್ಲಿ ಸಿಕ್ಕಿತು, ಎಮು ಪಕ್ಷಿಯಲ್ಲೂ ಸಿಕ್ಕಿತು. ಮುಂದೆ ಸಸ್ತನಿಗಳಲ್ಲಿ, ಮನುಷ್ಯರಲ್ಲಿಯೂ. ರೌಸ್ ಯಾವ ವಾದವನ್ನು ತಳ್ಳಿಹಾಕಿದ್ದರೋ ಅದಕ್ಕೆ ಮೊದಲ ಗಟ್ಟಿ ಸಾಕ್ಷಿ ಅವರದೇ ಕೋಳಿಯ ಗಡ್ಡೆಯೊಳಗೆ ಕೂತಿತ್ತು. ಬಿಷಪ್ ಮತ್ತು ವಾರ್ಮಸ್ ಇದಕ್ಕಾಗಿ 1989ರಲ್ಲಿ ನೊಬೆಲ್ ಪಡೆದರು.

ಈ ವಂಶವಾಹಿ ಮಾಡುವುದೇನು? ಅದು ಒಂದು ಪ್ರೋಟೀನ್ ತಯಾರಿಸುತ್ತದೆ. ಆ ಪ್ರೋಟೀನ್ ಒಂದು ಕೈನೇಸ್, ಎಂದರೆ ಎಟಿಪಿಯಿಂದ ಒಂದು ಫಾಸ್ಫೇಟ್ ಗುಂಪನ್ನು ತೆಗೆದು ಬೇರೆ ಪ್ರೋಟೀನಿಗೆ ಅಂಟಿಸುವ ಕಿಣ್ವ. ಅಮೆರಿಕದ ಎರಿಕ್‌ಸನ್ ಅವರ ತಂಡ 1978ರಲ್ಲಿ ಇದನ್ನು ತೋರಿಸಿತು. ಆಗ ಗೊತ್ತಿದ್ದ ಕೈನೇಸ್‌ಗಳು ಸೆರೀನ್ ಅಥವಾ ಥ್ರಿಯೋನಿನ್ ಎಂಬ ಅಮೈನೋ ಆಮ್ಲಗಳಿಗೆ ಫಾಸ್ಫೇಟ್ ಅಂಟಿಸುವಂಥವು. ಸಾರ್ಕ್ ಅಂಟಿಸುವುದು ಟೈರೋಸಿನ್‌ಗೆ. ಇದು ಹೊರಬಿದ್ದ ಬಗೆ ಸ್ವಾರಸ್ಯದ್ದು. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಟೋನಿ ಹಂಟರ್ 1979ರಲ್ಲಿ ಇನ್ನೊಂದು ವೈರಸ್‌ನ ಪ್ರೋಟೀನನ್ನು ಪರೀಕ್ಷಿಸುವಾಗ ಹಳೆಯ ಬಫರ್ ದ್ರಾವಣವನ್ನೇ ಮತ್ತೆ ಬಳಸಿದ್ದರು. ಅದರ ಪಿಎಚ್ 1.9ರಿಂದ 1.7ಕ್ಕೆ ಇಳಿದಿತ್ತು. ಹೊಸ ದ್ರಾವಣದಲ್ಲಿ ಒಂದೇ ಕಡೆ ಸೇರಿಹೋಗುತ್ತಿದ್ದ ಎರಡು ಚುಕ್ಕೆಗಳು ಹಳೆಯದರಲ್ಲಿ ಬೇರ್ಪಟ್ಟು, ಟೈರೋಸಿನ್ ಕಣ್ಣಿಗೆ ಬಿತ್ತು. ಆಮೇಲೆ ಸಾರ್ಕ್ ಕೂಡ ಹಾಗೆಯೇ ಎಂದು ತಿಳಿಯಿತು.

ಮನುಷ್ಯರ ಸಾರ್ಕ್ ವಂಶವಾಹಿ ಇರುವುದು 20ನೆಯ ವರ್ಣತಂತುವಿನಲ್ಲಿ. ಅದರ ಪ್ರೋಟೀನಿನಲ್ಲಿ 536 ಅಮೈನೋ ಆಮ್ಲಗಳು. ಕೋಶಪೊರೆಯ ಒಳಮೈಗೆ ಅಂಟಿಕೊಂಡಿದ್ದು, ಹೊರಗಿನಿಂದ ಬರುವ ಬೆಳೆ, ಹಿಡಿದುಕೋ, ಚಲಿಸು ಎಂಬಂಥ ಸಂಕೇತಗಳನ್ನು ಒಳಗೆ ದಾಟಿಸುವುದು ಅದರ ಕೆಲಸ. ಕೆಲಸವಿಲ್ಲದಾಗ ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಮುದುಡಿರುತ್ತದೆ. ಬಾಲದ ತುದಿಯ ಬಳಿಯ ಒಂದು ಟೈರೋಸಿನ್‌ಗೆ ಬೇರೊಂದು ಕೈನೇಸ್ ಫಾಸ್ಫೇಟ್ ಅಂಟಿಸಿದಾಗ ಈ ಅಗುಳಿ ಬೀಳುತ್ತದೆ. ಫಾಸ್ಫೇಟ್ ಎಂದರೆ ಚಾಲೂ ಮಾಡುವ ಗುಂಡಿ ಎಂದು ಬೋಧಿಸುವವರು ಇಲ್ಲಿ ಎಚ್ಚರ ವಹಿಸಬೇಕು, ಇಲ್ಲಿ ಅದು ಬಂದ್ ಮಾಡುತ್ತದೆ. ವೈರಸ್ ಹೊತ್ತಿರುವ ಸಾರ್ಕ್‌ನಲ್ಲಿ ಕೋಳಿಯ ಸಾರ್ಕ್‌ನ ಕೊನೆಯ 19 ಅಮೈನೋ ಆಮ್ಲಗಳೇ ಇಲ್ಲ, ಆ ಜಾಗದಲ್ಲಿ ಬೇರೆ 12 ಇವೆ. ಅಗುಳಿಯ ಟೈರೋಸಿನ್ ಅದರ ಜೊತೆಗೇ ಹೋಗಿದೆ. ಅಗುಳಿ ಇಲ್ಲದ ಬಾಗಿಲಿನಂತೆ ಅದು ಸದಾ ತೆರೆದೇ ಇರುತ್ತದೆ, ಕೋಶ ವಿಭಜಿಸುತ್ತಲೇ ಹೋಗುತ್ತದೆ. ಮನುಷ್ಯರಲ್ಲಿ ಇಂಥ ಟೈರೋಸಿನ್ ಕೈನೇಸ್‌ಗಳು 90ರಷ್ಟಿವೆ. ಅವುಗಳನ್ನು ತಡೆಯುವ ಔಷಧಿಗಳು ಈಗ ಬಂದಿವೆ, 2001ರಲ್ಲಿ ರಕ್ತಕ್ಯಾನ್ಸರಿಗೆ ಬಂದ ಇಮ್ಯಾಟಿನಿಬ್ ಅಂಥದ್ದು.

ಎರಡು ಅವಧಿ ಸಿಗುವಂತಿದ್ದರೆ ಮೊದಲನೆಯದನ್ನು 1915ಕ್ಕೆ, ರೌಸ್ ಕೆಲಸ ಬಿಟ್ಟಲ್ಲಿಗೆ ನಿಲ್ಲಿಸಿ ನೋಡಿ. ನಾನು ಹಾಗೆ ಮಾಡಿದಾಗ ಮರುದಿನದ ಪಾಠಕ್ಕೆ ಬೇರೆ ಪೀಠಿಕೆಯೇ ಬೇಕಾಗಲಿಲ್ಲ. ಎರಡನೇ ಅವಧಿಯ ಕೊನೆಯಲ್ಲಿ ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ, ಸಾರ್ಕ್ ಇಲ್ಲದೆಯೂ ವೈರಸ್ ಬದುಕುತ್ತದೆ ಎಂದಾದರೆ ಅದನ್ನು ಯಾಕೆ ಹೊತ್ತು ತಿರುಗುತ್ತದೆ ಎಂಬುದು. ವೈರಸ್‌ಗೆ ಅದರ ಅಗತ್ಯವಿಲ್ಲ. ಯಾವುದೋ ಕೋಳಿಯ ಕೋಶದಿಂದ ಹೊರಬರುವಾಗ ಆಕಸ್ಮಿಕವಾಗಿ ಅದು ಜೊತೆಗೆ ಸೇರಿಕೊಂಡಿತು. ಪ್ರಯೋಗಾಲಯದಲ್ಲಿ ಬೆಳೆಸುತ್ತಿರುವಾಗ ಆಗಾಗ ಅದನ್ನು ಕಳೆದುಕೊಂಡ ವೈರಸ್‌ಗಳೂ ಕಾಣಿಸಿಕೊಳ್ಳುತ್ತವೆ, ಮತ್ತು ಅವು ಕೋಳಿಯ ಕೋಶಗಳಲ್ಲಿ ಏನೂ ಆಗದವರಂತೆ ವೃದ್ಧಿಯಾಗುತ್ತವೆ.